ನಡುಗಿದ ನೆಲ, ಸೀಳಿದ ಕಂಬ: ಓದುಗರ ಪ್ರಶ್ನೆಗಳಿಗೆ ಉತ್ತರ

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪಕ್ಕೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿದಾಗ ನಮ್ಮ ಹಳ್ಳಿಗಳಲ್ಲಿ ಹೆಚ್ಚಿಗೆ ಇದ್ದದ್ದು ಕಲ್ಲು-ಮಣ್ಣಿನ ಮಾಳಿಗೆ ಮನೆಗಳು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮೇಲಿಂದ ಮೇಲೆ ಅದುರಿ ಜನ ಮನೆ ಬಿಟ್ಟು ಹೊರಗೆ ಮಲಗುವಂತಾದಾಗ ಅದೇ ಹಳ್ಳಿಗಳಲ್ಲಿ ಪಿಲ್ಲರ್ ಮನೆಗಳೂ ಎದ್ದಿದ್ದವು. ಈ ಸಲದ ಪ್ರಶ್ನೆಗಳು ಬಹುತೇಕ ಆ ಪಿಲ್ಲರ್ ಮನೆಗಳವು. ಆಡುಮಾತಿನಲ್ಲಿ ಬಂದ ಪತ್ರಗಳನ್ನು ಬಂದ ಹಾಗೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಕೆಳಗೊಂದು ಮ್ಯಾಲೊಂದು ಅಂತಸ್ತಿನ ಮನಿ. ನೆಲ ಅದುರಿದ ಮ್ಯಾಲೆ ಬೀಮಿನ ಬುಡಕ್ಕ ಗೋಡಿಗುಂಟ ಒಂದು ಸೀಳು ಬಂದದ. ಮೂಲ್ಯಾಗ ಓರೆ ಸೀಳೂ ಅವ. ಗೌಂಡಿ "ಪುಟ್ಟಿ ತುಂಬಿ ಬಣ್ಣ ಹೊಡೀರಿ, ಏನೂ ಆಗಂಗಿಲ್ಲ" ಅಂತಾನ. ಇದು ಭೂಕಂಪದ್ದೋ ಎರಿ ಮಣ್ಣಿಂದೋ, ಹ್ಯಾಂಗ ತಿಳೀಬೇಕ್ರಿ?
(ಮನೆ ಯಜಮಾನರು, ಚಿಂಚೋಳಿ ತಾಲ್ಲೂಕು)

ಉತ್ತರ: ಪುಟ್ಟಿ ಡಬ್ಬಿ ಸದ್ಯಕ್ಕೆ ಮುಚ್ಚಿಡಿ. ಬಣ್ಣ ಬಳಿದರೆ ಬಿರುಕು ಮಾಯವಾಗುತ್ತದೆ, ಜೊತೆಗೆ ನಿಮ್ಮ ಹತ್ತಿರ ಇರುವ ಒಂದೇ ಸಾಕ್ಷಿಯೂ ಮಾಯವಾಗುತ್ತದೆ.

ಬಿರುಕು ಬಂದ ಹೊತ್ತು ನೆನಪು ಮಾಡಿಕೊಳ್ಳಿ. ಭೂಕಂಪದ್ದು ಒಂದೇ ಏಟಿಗೆ ಬರುತ್ತದೆ. ಆಮೇಲೆ ನೆಲ ಮತ್ತೆ ಅದುರುವ ತನಕ ಬೆಳೆಯುವುದಿಲ್ಲ. ಎರೆ ಮಣ್ಣಿನದು ಬೇಸಿಗೆಯಲ್ಲಿ ಬಾಯಿ ಬಿಟ್ಟು, ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಮುಚ್ಚಿಕೊಳ್ಳುತ್ತದೆ. ಹೊರಗೋಡೆ, ಮನೆಯ ಮೂಲೆ, ಬಚ್ಚಲ ನೀರು ಇಂಗುವ ಕಡೆ ಹೆಚ್ಚು. ಇನ್ನೊಂದು ಜಾತಿ ರಾಡ್ ತುಕ್ಕಿನ ಬಿರುಕು. ಅದು ಪಿಲ್ಲರಿನ ಮೂಲೆಗುಂಟ ಅಥವಾ ಬೀಮಿನ ಅಡಿಗುಂಟ ರಾಡ್ ಇದ್ದ ಗೆರೆಯಲ್ಲೇ ನೆಟ್ಟಗೆ ಓಡುತ್ತದೆ, ಕಂದು ಕಲೆ ಇಳಿದಿರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಬೀಮಿನ ಬುಡದ ಅಡ್ಡ ಸೀಳು ಎಂದರೆ ಇಟ್ಟಂಗಿ ಗೋಡೆ ಪಿಲ್ಲರ್-ಬೀಮಿನ ಚೌಕಟ್ಟಿನಿಂದ ಬಿಟ್ಟುಕೊಂಡಿದೆ ಎಂದಷ್ಟೇ ಅರ್ಥ. ಚೌಕಟ್ಟು ತೂಗಿದಾಗ ಗೋಡೆ ಅದರ ಜೊತೆ ಬಾಗಲಾರದು, ಅಲ್ಲೇ ಬಿಡುತ್ತದೆ. ಬರೀ ಇಷ್ಟೇ ಇದ್ದರೆ ಅಂಜಬೇಕಾಗಿಲ್ಲ. ಗೋಡೆಯ ಓರೆ ಸೀಳೂ, ಗೋಡೆ ಹೊರಕ್ಕೆ ವಾಲಿರದಿದ್ದರೆ, ದುರಸ್ತಿಗೆ ಬಗ್ಗುವಂಥದ್ದೇ. ನೋಡಬೇಕಾದದ್ದು ಪಿಲ್ಲರ್. ಪ್ರತಿ ಪಿಲ್ಲರಿನ ತಲೆ ಮತ್ತು ಬುಡದಲ್ಲಿ ಒಂದೊಂದು ಅಡಿ ಗಿಲಾವು ಕೆದರಿಸಿ ಕಾಂಕ್ರೀಟು ಕಾಣುವಂತೆ ಮಾಡಿ. ಗಿಲಾವಿನಲ್ಲಿ ಕಂಡ ಬಿರುಕು ಒಳಗೆ ಇಲ್ಲದೆಯೂ ಇರಬಹುದು, ಅಷ್ಟು ನಿಶ್ಚಿಂತೆ. ಒಳಗೂ ಇದ್ದರೆ ಅದರ ದಿಕ್ಕು ನೋಡಿ. ತಲೆ-ಬುಡದಲ್ಲಿ ಅಡ್ಡಲಾಗಿದ್ದರೆ ಪಿಲ್ಲರ್ ಬಾಗಿದ ಗುರುತು. ಓರೆಯಾಗಿದ್ದರೆ, ಅದರಲ್ಲೂ ಎರಡು ಓರೆ ಗೆರೆಗಳು ಕತ್ತರಿಯಂತೆ ಕೂಡಿದ್ದರೆ, ಪಿಲ್ಲರ್ ಕತ್ತರಿಸಿಹೋಗುವ ದಾರಿಯಲ್ಲಿತ್ತು ಎಂದು ತಿಳಿಯಬೇಕು. ಅಗಲ ಕಡಿಮೆ ಇದ್ದರೂ ಇದು ಮೊದಲಿನದಕ್ಕಿಂತ ಕೆಟ್ಟದ್ದು.

ಅಗಲ ಅಳೆಯಲು ಬಿರುಕಿನ ಅಳತೆ ಪಟ್ಟಿ ಸಿಗುತ್ತದೆ. ಇಲ್ಲದಿದ್ದರೆ ಎಟಿಎಂ ಕಾರ್ಡು ಸಾಕು. ಅದರ ದಪ್ಪ 0.76 ಮಿ.ಮೀ. ಕಾರ್ಡಿನ ಅಂಚು ಪಿಲ್ಲರಿನ ಬಿರುಕಿನೊಳಗೆ ಹೋಯಿತೆಂದರೆ ಗೌಂಡಿಯ ಮಾತು ಬಿಟ್ಟು ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಯುವ ಹೊತ್ತು. ಹೋಗದಿದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ, ನಡುವೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸಿನ ತೆಳು ಬಿಲ್ಲೆ ಅಂಟಿಸಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಬಿಲ್ಲೆ ಸೀಳದೆ ಉಳಿದರೆ ಬಿರುಕು ನಿಂತಿದೆ ಎಂದಾಯಿತು. ನಿಂತ ಬಿರುಕಿಗೆ ಮಾತ್ರ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿದಾಗ ಕಲ್ಲಿನಂತಾಗುವ ಅಂಟು. ಎರೆ ಮಣ್ಣಿನ ಆಡುವ ಬಿರುಕಿಗೆ ಎಪಾಕ್ಸಿ ತುಂಬಿದರೆ ಮುಂದಿನ ವರ್ಷ ಅದರ ಪಕ್ಕದಲ್ಲೇ ಹೊಸದೊಂದು ಬರುತ್ತದೆ. ಅದಕ್ಕೆ ಹಿಗ್ಗಿ ಕುಗ್ಗುವ ಸೀಲಂಟ್ ಹಾಕಬೇಕು, ಬಚ್ಚಲ ನೀರನ್ನು ಪಾಯದಿಂದ ದೂರ ತಿರುಗಿಸಬೇಕು.

ಪ್ರಶ್ನೆ: ಕೆಳಗೆ ಎರಡು ಅಂಗಡಿ ಮತ್ತು ಗಾಡಿ ನಿಲ್ಲಿಸುವ ಜಾಗ, ಮೇಲೆ ಎರಡು ಅಂತಸ್ತು. ಒಂದು 9×12 ಇಂಚಿನ ಪಿಲ್ಲರಿನಲ್ಲಿ ಬೀಮಿನ ಕೆಳಗೆ ಒಂದು ಅಡಿಯಷ್ಟು ಕಾಂಕ್ರೀಟು ಉದುರಿ ರಾಡುಗಳು ಹೊರಗೆ ಬಾಗಿವೆ. ಗುತ್ತಿಗೆದಾರರು ರಾಡನ್ನು ಗ್ಯಾಸಿನಲ್ಲಿ ಕಾಯಿಸಿ ನೆಟ್ಟಗೆ ಮಾಡಿ ಸಿಮೆಂಟ್ ತುಂಬುತ್ತೇನೆ ಎನ್ನುತ್ತಾರೆ. ಸರಿಯೇ?
(ಕಟ್ಟಡದ ಮಾಲೀಕರು, ಕಲಬುರಗಿ)

ಉತ್ತರ: ಸರಿಯಲ್ಲ. ಇವತ್ತೇ ಅಂಗಡಿ ಖಾಲಿ ಮಾಡಿಸಿ, ಮೇಲಿನವರನ್ನೂ ಇಳಿಸಿ. ರಾಡ್ ಬಾಗಿದೆ ಎಂದರೆ ಆ ಜಾಗದಲ್ಲಿ ಪಿಲ್ಲರ್ ಭಾರ ಹೊರುತ್ತಿಲ್ಲ. ಬೀಮುಗಳು ಅಕ್ಕಪಕ್ಕದ ಪಿಲ್ಲರುಗಳಿಗೆ ಭಾರ ದಾಟಿಸಿಕೊಂಡು ಹೇಗೋ ನಿಂತಿವೆ.

ಮೊದಲ ಕೆಲಸ ಆನಿಕೆ. ಲೆಕ್ಕ ಹಾಕಿ: ಪಿಲ್ಲರುಗಳ ನಡುವೆ 3 ಮತ್ತು 4 ಮೀಟರ್ ಅಂತರವಿದ್ದರೆ ನಡುವಿನ ಒಂದು ಪಿಲ್ಲರಿನ ಪಾಲಿಗೆ ಪ್ರತಿ ಅಂತಸ್ತಿನಲ್ಲೂ 12 ಚದರ ಮೀಟರ್ ಬರುತ್ತದೆ. ಸ್ಲ್ಯಾಬು, ಫರಸಿ, ಗೋಡೆ, ಸಾಮಾನು, ಜನ ಎಲ್ಲ ಕೂಡಿಸಿ ಚದರ ಮೀಟರಿಗೆ ಒಂದು ಟನ್ ಹಿಡಿಯಿರಿ. ಮೂರು ಸ್ಲ್ಯಾಬಿಗೆ 36 ಟನ್. 3 ಮೀಟರ್ ಎತ್ತರಕ್ಕೆ ಎಳೆದ ಸೆಂಟ್ರಿಂಗ್ ಜ್ಯಾಕ್ ಒಂದಕ್ಕೆ ಒಂದೂವರೆಯಿಂದ ಎರಡು ಟನ್ನಿಗಿಂತ ಹೆಚ್ಚು ನಂಬಬಾರದು. ಎಂಟ್ಹತ್ತು ಜ್ಯಾಕ್ ಕೊಟ್ಟು ಕೈ ತೊಳೆದುಕೊಳ್ಳುವವರಿಗೆ ಈ ಲೆಕ್ಕ ತೋರಿಸಿ. ಇಲ್ಲಿ ಬೇಕಾದದ್ದು 20ಕ್ಕೂ ಮಿಕ್ಕಿ, ಇಲ್ಲವೇ ಜೋಡಿ ಚಾನೆಲ್ಲಿನ ಗಟ್ಟಿ ಕಂಬಗಳು. ಪಿಲ್ಲರಿಗೆ ಕೂಡುವ ಪ್ರತಿ ಬೀಮಿನ ಕೆಳಗೂ, ಪಿಲ್ಲರಿನಿಂದ ಎರಡು ಮೂರು ಅಡಿಯೊಳಗೆ ಆನಿಕೆ ಬರಬೇಕು. ಮೇಲಿನ ಅಂತಸ್ತುಗಳಲ್ಲೂ ಅದೇ ಗೆರೆಯಲ್ಲಿ ಕೊಡಬೇಕು. ಜ್ಯಾಕಿನ ಪಾದ ಶಹಾಬಾದ್ ಫರಸಿಯ ಮೇಲೆ ನಿಂತರೆ ಫರಸಿ ಒಡೆದು ಜ್ಯಾಕ್ ಕುಸಿಯುತ್ತದೆ. ಫರಸಿ ಎತ್ತಿಸಿ, ನೆಲ ಗಟ್ಟಿ ಮಾಡಿ, ದಪ್ಪ ಹಲಗೆ ಇಲ್ಲವೇ ಸ್ಲೀಪರ್ ಹಾಸಿ. ಕೆಳಗೆ ಎರೆ ಮಣ್ಣಾಗಿದ್ದರೆ ಭಾರ ಇನ್ನೂ ಅಗಲಕ್ಕೆ ಹರಡಬೇಕು. ಜ್ಯಾಕನ್ನು ತಾಗುವಷ್ಟು ಬಿಗಿಮಾಡಿ, ಕಟ್ಟಡ ಎತ್ತಲು ಹೋಗಬೇಡಿ. ಎತ್ತಿದರೆ ಮೇಲಿನ ಬೀಮುಗಳಿಗೆ ಹೊಸ ಬಿರುಕು ಬರುತ್ತದೆ.

ಇನ್ನು ರಾಡು. ಈಗಿನ ಟಿಎಂಟಿ ರಾಡಿನ ಶಕ್ತಿ ಇರುವುದು ಅದರ ಹೊರಗಿನ ಗಟ್ಟಿ ಪದರದಲ್ಲಿ. ಕಾರ್ಖಾನೆಯಲ್ಲಿ ಕೆಂಪಗೆ ಕಾದ ರಾಡಿಗೆ ನೀರು ಹಾಯಿಸಿ ಆ ಪದರ ಮಾಡಿರುತ್ತಾರೆ. ಗ್ಯಾಸಿನಿಂದ ಮತ್ತೆ ಕೆಂಪಗೆ ಕಾಯಿಸಿದರೆ ಪದರ ಮೆತ್ತಗಾಗಿ ಆ ಜಾಗದಲ್ಲಿ ರಾಡು ಬರೀ ಮೆದು ಕಬ್ಬಿಣವಾಗುತ್ತದೆ. ಬಾಗಿದ ತುಂಡನ್ನು ಕತ್ತರಿಸಿ ತೆಗೆದು ಅದೇ ದಪ್ಪದ ಹೊಸ ತುಂಡು ಸೇರಿಸಬೇಕು. ಬೆಸುಗೆ ಹಾಕುವುದಾದರೆ ಒಂದೇ ಬದಿಗೆ ರಾಡಿನ ದಪ್ಪದ ಹತ್ತರಷ್ಟು ಉದ್ದ: 16 ಮಿ.ಮೀ. ರಾಡಿಗೆ 160 ಮಿ.ಮೀ. ಬೆಸುಗೆ ಆದ ಮೇಲೆ ನೀರು ಸುರಿದು ತಣಿಸಬಾರದು.

ರಾಡು ಬಾಗಿದ್ದು ಯಾಕೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಉದುರಿದ ಜಾಗದಲ್ಲಿ, ರಾಡುಗಳನ್ನು ಸುತ್ತಿ ಹಿಡಿಯುವ ರಿಂಗುಗಳನ್ನು ನೋಡಿ. ಎಂಟು ಹತ್ತು ಇಂಚಿಗೊಂದು ರಿಂಗು, ಕೊಕ್ಕೆ ಬರೀ 90 ಡಿಗ್ರಿಗೆ ಮಡಚಿದ್ದು ಸಿಗುತ್ತದೆ. ಹೊರಗಿನ ಕಾಂಕ್ರೀಟು ಉದುರಿದ ಕ್ಷಣ ಆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ರಾಡಿಗೆ ಹಿಡಿತ ತಪ್ಪಿ ಹೊರಕ್ಕೆ ಬಾಗುತ್ತದೆ, ಒಳಗಿನ ಕಾಂಕ್ರೀಟು ಪುಡಿಯಾಗಿ ಸುರಿಯುತ್ತದೆ. ನಿಮ್ಮ ಗುತ್ತಿಗೆದಾರರು ಹೇಳಿದಂತೆ ತುಂಬಿದರೆ ಆ ಪಿಲ್ಲರ್ ಮೊದಲಿನಷ್ಟೇ ಆಗುತ್ತದೆ, ಮೊದಲಿನಂತೆಯೇ ಮುರಿಯುತ್ತದೆ. ತುಂಬುವುದು ಬೇರೆ, ಬಲ ಕೊಡುವುದು ಬೇರೆ. ನಿಮಗೆ ಬೇಕಾದದ್ದು ಎರಡನೆಯದು, ಅಂದರೆ ಜಾಕೆಟಿಂಗ್: ಹಳೆ ಪಿಲ್ಲರಿನ ಸುತ್ತ ಹೊಸ ರಾಡು, ರಿಂಗು, ಕಾಂಕ್ರೀಟಿನ ಕವಚ.

ಭಾರತೀಯ ಮಾನಕ ಐಎಸ್ 15988 (2013) ಇದಕ್ಕೆ ಕನಿಷ್ಠ ಅಳತೆ ಕೊಟ್ಟಿದೆ. ಸುತ್ತ 100 ಮಿ.ಮೀ. ದಪ್ಪ. ಹೊಸ ಕಾಂಕ್ರೀಟಿನ ಶಕ್ತಿ ಹಳೆಯದಕ್ಕಿಂತ ಕನಿಷ್ಠ 5 ಎಂಪಿಎ (ಚದರ ಮಿ.ಮೀ.ಗೆ 5 ನ್ಯೂಟನ್) ಹೆಚ್ಚು; ಹಳೆಯದು ಎಂ20 ಆಗಿದ್ದರೆ ಹೊಸದು ಎಂ25ಕ್ಕೆ ಕಡಿಮೆ ಬೇಡ. ರಿಂಗು ಕನಿಷ್ಠ 8 ಮಿ.ಮೀ., ಕೊಕ್ಕೆ 135 ಡಿಗ್ರಿ ಒಳಮುಖವಾಗಿ, ಕೊಕ್ಕೆಯ ಕಾಲು ರಾಡಿನ ದಪ್ಪದ ಹತ್ತರಷ್ಟು, ಅಂದರೆ 80 ಮಿ.ಮೀ. ತಲೆ-ಬುಡದಲ್ಲಿ, ಎತ್ತರದ ಕಾಲು ಭಾಗದ ತನಕ, 100 ಮಿ.ಮೀ.ಗೊಂದು ರಿಂಗು. ಉಳಿದ ಕಡೆ 200ರ ತನಕ ಬಿಡಬಹುದಾದರೂ ಜಾಕೆಟ್ಟಿನ ದಪ್ಪವನ್ನು ಮೀರದಿರುವುದು ಲೇಸು. ಹಾಗಾಗಿ ಉದ್ದಕ್ಕೂ 100 ಇಟ್ಟುಬಿಡಿ, ಗೌಂಡಿಗೂ ಲೆಕ್ಕ ತಪ್ಪುವುದಿಲ್ಲ.

ನಿಮ್ಮ 230×300ರ ಪಿಲ್ಲರ್ 430×500 ಆಗುತ್ತದೆ. 3 ಮೀಟರ್ ಎತ್ತರಕ್ಕೆ ಹೊಸ ಕಾಂಕ್ರೀಟು 0.44 ಘನ ಮೀಟರ್. 16 ಮಿ.ಮೀ.ನ ಎಂಟು ರಾಡು ಹಾಕಿದರೆ ಮೂರು ಮೀಟರಿಗೆ 38 ಕೆ.ಜಿ., ಪಾಯದೊಳಗೆ ಮತ್ತು ಸ್ಲ್ಯಾಬಿನ ಮೇಲೆ ಹೋಗುವ ಉದ್ದ ಬೇರೆ. ರಿಂಗು 31, ತೂಕ ಸುಮಾರು 21 ಕೆ.ಜಿ. ಹಳೆಯ ಪಿಲ್ಲರ್ ನಡುವೆ ನಿಂತಿರುವುದರಿಂದ ಇಡೀ ರಿಂಗು ತೂರಿಸಲಾಗದು. ಎರಡು ತುಂಡು ಮಾಡಿ ಸುತ್ತಿ, ಅಲ್ಲೇ ಕೊಕ್ಕೆ ಮಡಚಬೇಕು. ರಾಡುಗಳನ್ನು ನಾಲ್ಕು ಮೂಲೆಗೆ ಎರಡೆರಡರಂತೆ ಇಡಿ. ನಡುವೆ ಇಟ್ಟರೆ ಮೇಲೆ ಬೀಮಿಗೆ ಡಿಕ್ಕಿ ಹೊಡೆಯುತ್ತವೆ. ಮೂಲೆಯಲ್ಲಾದರೆ ಬೀಮಿನ ಪಕ್ಕಕ್ಕೆ ಸ್ಲ್ಯಾಬಿನಲ್ಲಿ ತೂತು ಕೊರೆದು ಮೇಲಕ್ಕೆ ಒಯ್ಯಬಹುದು. ಇಲ್ಲೇ ಹೆಚ್ಚಿನವರು ಕೈ ಎತ್ತುವುದು. ರಾಡನ್ನು ಸ್ಲ್ಯಾಬಿನ ಬುಡಕ್ಕೆ ನಿಲ್ಲಿಸಿ, ಕೆಳಗೆ ಫರಸಿಯ ಮಟ್ಟಕ್ಕೆ ನಿಲ್ಲಿಸಿ "ಜಾಕೆಟ್ ಆಯಿತು" ಅನ್ನುತ್ತಾರೆ. ಪಿಲ್ಲರ್ ಬಾಗುವುದು ಆ ಎರಡು ತುದಿಗಳಲ್ಲೇ; ಅಲ್ಲಿ ರಾಡ್ ದಾಟದಿದ್ದರೆ ನಡುವಿನ ದಪ್ಪ ಬರೀ ಅಂಗಿ. ಕೆಳಗೆ ಪಾಯದ ತನಕ ಅಗೆದು, ಫುಟಿಂಗಿನಲ್ಲಿ ತೂತು ಕೊರೆದು, ಎಪಾಕ್ಸಿಯಲ್ಲಿ ರಾಡ್ ಕೂರಿಸಬೇಕು. ಎರೆ ಭೂಮಿಯಲ್ಲಿ ನಾಲ್ಕೂ ಬದಿ ಒಟ್ಟಿಗೆ ಅಗೆಯಬೇಡಿ. ಮಳೆಗಾಲದಲ್ಲಂತೂ ಈ ಗುಂಡಿ ತೆರೆಯಲೇಬೇಡಿ.

ತೂತಿನ ವಿಷಯಕ್ಕೆ ಒಂದು ಮಾತು. ಹಳೆ ಪಿಲ್ಲರಿನ ಮೈಗೆ 300 ಮಿ.ಮೀ.ಗೊಂದರಂತೆ 12 ಮಿ.ಮೀ. ರಾಡಿನ ಎಲ್ ಆಕಾರದ ತುಂಡು ಕೂರಿಸುತ್ತೇವೆ, ಹಳೆಯದು ಹೊಸದು ಒಂದನ್ನೊಂದು ಹಿಡಿಯಲಿ ಎಂದು. ಅದಕ್ಕೆ 16 ಮಿ.ಮೀ. ತೂತು, 120 ಮಿ.ಮೀ. ಆಳ. ತೂತಿನಲ್ಲಿ ಕೊರೆದ ಪುಡಿ ಉಳಿದರೆ ಎಪಾಕ್ಸಿ ಕಾಂಕ್ರೀಟಿಗೆ ಅಂಟುವುದಿಲ್ಲ, ಪುಡಿಗೆ ಅಂಟುತ್ತದೆ. ಗಾಳಿ ಊದಿ, ತಂತಿ ಬ್ರಶ್ಶಿನಿಂದ ಉಜ್ಜಿ, ಮತ್ತೆ ಊದಬೇಕು. ಮರುದಿನ ನಾಲ್ಕಾರು ತುಂಡುಗಳನ್ನು ಎಳೆದು ಪರೀಕ್ಷಿಸಲು ಹೇಳಿ. ಕೈಯಲ್ಲಿ ತಿರುವಿದರೆ ತಿರುಗುವ ತುಂಡು ಯಾವ ಕೆಲಸಕ್ಕೂ ಬಾರದು.

ಪುಡಿಯಾದ ಕಾಂಕ್ರೀಟನ್ನು ಉಳಿ-ಸುತ್ತಿಗೆಯಲ್ಲೋ ಸಣ್ಣ ಬ್ರೇಕರಿನಲ್ಲೋ ತೆಗೆಯಿರಿ, ದೊಡ್ಡ ಬ್ರೇಕರ್ ಗಟ್ಟಿ ಇದ್ದದ್ದನ್ನೂ ಸೀಳುತ್ತದೆ. ಒಳ್ಳೆಯ ಕಾಂಕ್ರೀಟು ಸಿಗುವ ತನಕ, ರಾಡಿನ ಹಿಂದೆಯೂ ಒಂದು ಇಂಚು ತೆರವಾಗುವ ತನಕ ಕೆತ್ತಬೇಕು. ಉಳಿದ ಮೈಯನ್ನು 6 ಮಿ.ಮೀ. ತಗ್ಗು-ಉಬ್ಬು ಬರುವಂತೆ, ಅಂದರೆ ಎರಡು ಸೂತು, ಕಚ್ಚು ಹಾಕಿ. ಹಿಂದಿನ ದಿನವಿಡೀ ನೀರು ಕುಡಿಸಿ, ಸುರಿಯುವ ಹೊತ್ತಿಗೆ ಮೇಲೆ ನೀರು ನಿಂತಿರಬಾರದು. ಎಪಾಕ್ಸಿ ಅಂಟು ಹಚ್ಚುವವರಿದ್ದಾರೆ. ಅದು ಒಣಮೈಗೆ ಹಚ್ಚುವಂಥದ್ದಾದರೆ ನೀರು ಕುಡಿಸುವ ಮಾತಿಲ್ಲ, ಡಬ್ಬಿಯ ಮೇಲೆ ನೋಡಿಕೊಳ್ಳಿ. ಹಚ್ಚಿದ ಮೇಲೆ ಅದು ಜಿಗುಟಾಗಿರುವಾಗಲೇ ಕಾಂಕ್ರೀಟು ಬೀಳಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಹಚ್ಚಿ ಸೆಂಟ್ರಿಂಗ್ ಹೊಂದಿಸುತ್ತ ಕೂತರೆ ಒಣಗಿಹೋಗುತ್ತದೆ. ಒಣಗಿದ ಅಂಟು ಅಂಟಿಲ್ಲದ್ದಕ್ಕಿಂತ ಕೆಡುಕು, ಎರಡರ ನಡುವೆ ಗಾಜಿನ ಹಾಳೆ ಇಟ್ಟಂತೆ.

ನಾಲ್ಕು ಇಂಚಿನ ಸಂದಿಗೆ 20 ಮಿ.ಮೀ. ಖಡಿ ಇಳಿಯುವುದಿಲ್ಲ, 10 ಮಿ.ಮೀ. ಖಡಿಯೇ ಬೇಕು. ರೆಡಿಮೇಡ್ ಮೈಕ್ರೊ ಕಾಂಕ್ರೀಟು ಬಳಸುವುದಾದರೆ 25 ಕೆ.ಜಿ. ಚೀಲವೊಂದಕ್ಕೆ ಸುಮಾರು 12 ಲೀಟರ್ ತುಂಬುತ್ತದೆ, 0.44 ಘನ ಮೀಟರಿಗೆ 36-37 ಚೀಲ. ತಯಾರಕರು ಒಪ್ಪಿದ ಪ್ರಮಾಣದಲ್ಲಿ 10 ಮಿ.ಮೀ. ಖಡಿ ಬೆರೆಸಿದರೆ ಚೀಲ ಕಡಿಮೆಯಾಗುತ್ತವೆ. ನೀರು ಚೀಲದ ಮೇಲೆ ಬರೆದಷ್ಟೇ. "ಗಟ್ಟಿಯಾಯಿತು, ಇನ್ನೊಂದು ಮಗ್ಗು" ಎಂದು ಸುರಿದರೆ ಶಕ್ತಿ ಹೋಯಿತು. ಸೆಂಟ್ರಿಂಗನ್ನು ಮೀಟರ್ ಎತ್ತರದ ತುಂಡುಗಳಲ್ಲಿ ಕಟ್ಟಿ, ಪಕ್ಕದಲ್ಲಿ ಕೊಕ್ಕಿನಂಥ ಬಾಯಿ ಬಿಟ್ಟು ಅಲ್ಲಿಂದ ಸುರಿಯಿರಿ, ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಬಡಿಯಿರಿ. ಮೇಲೆ ಸ್ಲ್ಯಾಬಿನ ಬುಡಕ್ಕೆ ಉಳಿಯುವ ಎರಡು ಇಂಚಿನ ಸಂದಿಯನ್ನು ಕುಗ್ಗದ ಗ್ರೌಟಿನಿಂದ (ಸಂದಿ ತುಂಬುವ ತೆಳು ಗಾರೆಯಿಂದ) ತುಂಬದಿದ್ದರೆ ಜಾಕೆಟ್ ಭಾರವನ್ನೇ ಮುಟ್ಟುವುದಿಲ್ಲ. ಬೋರಿನ ನೀರು ಉಪ್ಪಾಗಿದ್ದರೆ ಪರೀಕ್ಷೆ ಮಾಡಿಸಿ. ಆರ್‌ಸಿಸಿಗೆ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಮೀರಬಾರದು. ಕ್ಯೂರಿಂಗ್, ಒಣ ಬಿಸಿ ಹವೆಯಲ್ಲಿ ಪಿಪಿಸಿ (ಪೊಜೊಲಾನಾ ಬೆರೆಸಿದ) ಸಿಮೆಂಟಿಗೆ 14 ದಿನ. ಪಿಲ್ಲರಿಗೆ ಗೋಣಿತಾಟು ಸುತ್ತಿ ಹಗಲು ರಾತ್ರಿ ಹಸಿ ಇಡಬೇಕು, ಬೆಳಿಗ್ಗೆ ಸಂಜೆ ಒಂದು ಕೊಡ ಎರಚಿದರೆ ಕ್ಯೂರಿಂಗ್ ಆಗುವುದಿಲ್ಲ. ಜ್ಯಾಕುಗಳನ್ನು ಕ್ಯೂಬ್ ಪರೀಕ್ಷೆಯ (ಅದೇ ಕಾಂಕ್ರೀಟಿನ ಅಚ್ಚುಗಳನ್ನು ಒತ್ತಿ ಒಡೆದು ನೋಡುವುದು) ಫಲ ನೋಡಿ, ಸರದಿಯಲ್ಲಿ ಅರ್ಧರ್ಧ ಸುತ್ತು ಸಡಿಲಿಸಿ ಇಳಿಸಿ.

ಕೊನೆಗೆ ನಿಮಗೆ ರುಚಿಸದ ಮಾತು. ಒಂದು ಪಿಲ್ಲರ್ ಮುರಿದಿದೆ ಎಂದರೆ ಅದೇ ಗೌಂಡಿ, ಅದೇ ರಿಂಗು ಹಾಕಿದ ಉಳಿದವೂ ಅದೇ ಸ್ಥಿತಿಯಲ್ಲಿವೆ. ಒಂದನ್ನೇ ದಪ್ಪ ಮಾಡಿದರೆ ಮುಂದಿನ ಸಲ ಕಟ್ಟಡ ಅದರ ಸುತ್ತ ತಿರುಚಿಕೊಳ್ಳುತ್ತದೆ. ಅಲ್ಲದೆ ನಿಮ್ಮದು ಕೆಳಗೆ ಬಯಲು, ಮೇಲೆ ಗೋಡೆ ತುಂಬಿದ ಕಟ್ಟಡ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ಆಚೆ ಇದ್ದ ಅಹಮದಾಬಾದಿನಲ್ಲಿ ಕುಸಿದ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಇಂಥವೇ, ಕೆಳಗೆ ಬರೀ ಪಾರ್ಕಿಂಗ್ ಬಿಟ್ಟವು. ಎರಡೂ ದಿಕ್ಕಿಗೆ, ಎದುರುಬದುರಾಗಿ, ಕೆಲವು ಅಂಕಣಗಳಿಗೆ ಪಾಯದಿಂದಲೇ ಆರ್‌ಸಿಸಿ ಗೋಡೆ ಅಥವಾ ಉಕ್ಕಿನ ಓರೆ ಪಟ್ಟಿ ಕೊಡುವ ಲೆಕ್ಕವನ್ನು ಇಂಜಿನಿಯರ್ ಹಾಕಲಿ. ಹಿಂಬದಿಗೆ ಮಾತ್ರ ಗೋಡೆ, ರಸ್ತೆ ಬದಿಗೆ ಶಟರ್ ಎಂಬ ಹಂಚಿಕೆ ಬೇಡ.

ಪ್ರಶ್ನೆ: ಎಪಾಕ್ಸಿ ಇಂಜೆಕ್ಷನ್ ಕೆಲಸ ಹಿಡಿದೀವಿ. ಬೀಮಿನ ಸೀಳಿನ್ಯಾಗ ಒಳಗೇ ಹೋಗವಲ್ದು. ಹೋದಲ್ಲಿ ನಿಲ್ಲವಲ್ದು, ಡಬ್ಬಿ ಖಾಲಿ. ಬ್ಯಾಸಗಿಯಾಗ ಬಕೀಟಿನ್ಯಾಗೇ ಹೊಗೆ ಬಂದು ಕಲ್ಲಾಗ್ತದ. ಎಲ್ಲಿ ತಪ್ಪಿದೀವಿ?
(ಗೌಂಡಿ, ಹುಮನಾಬಾದ್)

ಉತ್ತರ: ಒಳಗೆ ಹೋಗದಿರಲು ಕಾರಣ ಬಹುಪಾಲು ಗ್ರೈಂಡರ್. ಬಿರುಕಿನ ಮೇಲೆ ವಿ ಆಕಾರದ ಕಾಲುವೆ ಹೊಡೆದರೆ, ಬಿರುಕಿನ ಮೇಲೆಯೇ ಡ್ರಿಲ್ ಇಟ್ಟರೆ, ಹಿಟ್ಟಿನಂಥ ಪುಡಿ ಒಳಗೆ ತುರುಕಿ ಬಾಯಿ ಕಟ್ಟುತ್ತದೆ. ಕಾಲುವೆ ಹೊಡೆಯದೆ, ತಂತಿ ಬ್ರಶ್ಶಿನಿಂದ ಎರಡು ಬದಿ ಉಜ್ಜಿ, ಮೇಲೆ ಅಂಟಿಸುವ ನಿಪ್ಪಲ್ (ಎಪಾಕ್ಸಿ ತೂರಿಸುವ ಸಣ್ಣ ನಳಿಕೆ) ಬಳಸಿ. ನಿಪ್ಪಲ್ಲುಗಳ ಅಂತರ ಬೀಮಿನ ದಪ್ಪದಷ್ಟು, 9 ಇಂಚಿನ ಬೀಮಿಗೆ 9 ಇಂಚು. ಉಳಿದ ಬಿರುಕಿಗೆಲ್ಲ ಎಪಾಕ್ಸಿ ಪೇಸ್ಟ್ ಬಳಿದು ಒಂದು ದಿನ ಬಿಡಿ. ಆಮೇಲೆ ಒಂದು ನಿಪ್ಪಲಿಗೆ ಗಾಳಿ ಊದಿ. ಪಕ್ಕದ ನಿಪ್ಪಲಿನಿಂದ ಗಾಳಿ ಬರದಿದ್ದರೆ ದಾರಿ ಇಲ್ಲ, ಎಪಾಕ್ಸಿ ಬೆರೆಸಬೇಡಿ.

ನಿಲ್ಲದಿರಲು ಕಾರಣ ಹಿಂಬದಿ. ಬಿರುಕು ಬೀಮಿನ ಎರಡೂ ಮೈಗೆ, ಅಡಿಗೆ ಬಂದಿರುತ್ತದೆ. ನೀವು ಕಾಣುವ ಒಂದು ಮೈ ಮಾತ್ರ ಮುಚ್ಚಿದ್ದೀರಿ. ಎಲ್ಲ ಮೈ ಮುಚ್ಚಿ. ಕೆಳಗಿನ ನಿಪ್ಪಲಿನಿಂದ ಶುರು ಮಾಡಿ, 2ರಿಂದ 4 ಕೆ.ಜಿ. ಒತ್ತಡ ಸಾಕು. ಮೇಲಿನದರಲ್ಲಿ ಎಪಾಕ್ಸಿ ಕಂಡಾಗ ಕೆಳಗಿನದನ್ನು ಮುಚ್ಚಿ ಮೇಲಕ್ಕೆ ಹೋಗಿ. ಒತ್ತಡ ಏರಿಸಿದರೆ ಪೇಸ್ಟ್ ಕಿತ್ತುಹೋಗುತ್ತದೆ.

ಎಷ್ಟು ಹಿಡಿಯಬೇಕು ಎಂಬ ಲೆಕ್ಕ ಮೊದಲೇ ಹಾಕಿಕೊಂಡರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಅರ್ಧ ಮಿ.ಮೀ. ಅಗಲ, 1 ಮೀಟರ್ ಉದ್ದ, ಬೀಮಿನ ಪೂರ್ತಿ ದಪ್ಪ 230 ಮಿ.ಮೀ. ಸೀಳಿದ ಬಿರುಕಿಗೆ 115 ಮಿ.ಲೀ. ಪೋಲು ಸೇರಿ 200-250 ಗ್ರಾಂ. ಅದು 40 ಮಿ.ಲೀ.ಗೇ ತುಂಬಿತೆಂದರೆ ಒಳಗೆ ಹೋಗಿಲ್ಲ, ಒಂದು ಕೆ.ಜಿ. ನುಂಗಿತೆಂದರೆ ಎಲ್ಲೋ ಸೋರುತ್ತಿದೆ.

ಹೊಗೆಯ ಮಾತು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತದೆ, ಬಕೀಟಿನಲ್ಲಿ ರಾಶಿ ಇದ್ದರೆ ಶಾಖ ಹೊರಹೋಗದೆ ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ. ಹವೆ 10 ಡಿಗ್ರಿ ಏರಿದರೆ ಕೆಲಸದ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಡಬ್ಬಿಯ ಮೇಲೆ 25 ಡಿಗ್ರಿಗೆ 40 ನಿಮಿಷ ಎಂದಿದ್ದರೆ ನಿಮ್ಮ ಮೇ ತಿಂಗಳ ಮಧ್ಯಾಹ್ನ ಹತ್ತು ಹನ್ನೆರಡು ನಿಮಿಷ. ಡಬ್ಬಿಗಳನ್ನು ನೆರಳಲ್ಲಿ ಹಸಿ ಗೋಣಿಯಲ್ಲಿ ಸುತ್ತಿಡಿ, ಡಬ್ಬಿಯೊಳಗೆ ಮಾತ್ರ ಹನಿ ನೀರು ಹೋಗಬಾರದು. ಅರ್ಧ ಕೆ.ಜಿ.ಗಿಂತ ಹೆಚ್ಚು ಬೆರೆಸಬೇಡಿ, ಅಗಲ ತಟ್ಟೆಯಲ್ಲಿ ಬೆರೆಸಿ, ಸೂರ್ಯ ಏರುವ ಮೊದಲು ಕೆಲಸ ಮುಗಿಸಿ. ಎರಡು ಭಾಗಗಳನ್ನು ಕಣ್ಣಳತೆಯಲ್ಲಿ ಸುರಿಯಬೇಡಿ, ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ಸುಳ್ಳು, ಅದು ಕೊನೆತನಕ ಮೆತ್ತಗೇ ಉಳಿಯುತ್ತದೆ. ಆರು ಮಿ.ಮೀ. ಮೀರಿದ ಬಿರುಕಿಗೆ ತೆಳು ಎಪಾಕ್ಸಿ ಬೇಡ, ಕುಗ್ಗದ ಸಿಮೆಂಟ್ ಗ್ರೌಟ್. ರಾಡ್ ತುಕ್ಕು ಹಿಡಿದ ಬಿರುಕಿಗೆ ಎರಡೂ ಬೇಡ. ಅಲ್ಲಿ ಕಾಂಕ್ರೀಟು ಕೆತ್ತಿ ರಾಡ್ ಬಿಡಿಸಿ ತುಕ್ಕು ತೆಗೆಯುವುದೇ ದಾರಿ.

ಪ್ರಶ್ನೆ: ನಮ್ಮ ಶಾಲೆಯ ವರಾಂಡದ ಪಿಲ್ಲರುಗಳ ನಡುವೆ ಮೂರು ಅಡಿ ಎತ್ತರದ ಗೋಡೆ ಇದೆ. ಒಳಗಿನ ಪಿಲ್ಲರುಗಳೆಲ್ಲ ಚೆನ್ನಾಗಿವೆ, ಇವುಗಳಲ್ಲಿ ಮಾತ್ರ ಕತ್ತರಿ ಬಿರುಕು ಬಂದಿದೆ. ಯಾಕೆ?
(ಎಸ್‌ಡಿಎಂಸಿ ಸದಸ್ಯರು, ಬಸವಕಲ್ಯಾಣ)

ಉತ್ತರ: ಆ ಗೋಡೆಯಿಂದಲೇ. ಗೋಡೆ ಪಿಲ್ಲರನ್ನು ಕೆಳಗೆ ಬಿಗಿಯಾಗಿ ಹಿಡಿದಿರುವುದರಿಂದ ಬಾಗಲು ಉಳಿಯುವುದು ಮೇಲಿನ ತುಂಡು ಮಾತ್ರ. ಬಾಗುವ ಉದ್ದ ಅರ್ಧವಾದರೆ ಬಿಗುಪು ಎಂಟು ಪಟ್ಟಾಗುತ್ತದೆ, ಕಟ್ಟಡದ ತೂಗಾಟದ ಬಲವೆಲ್ಲ ಆ ಬಿಗಿ ಪಿಲ್ಲರಿನ ಮೇಲೆ ಬೀಳುತ್ತದೆ. ಮೆಟ್ಟಿಲ ನಡುವಿನ ಲ್ಯಾಂಡಿಂಗ್ ಬೀಮ್ ಕೂಡುವ ಪಿಲ್ಲರಿಗೂ, ಉದ್ದಕ್ಕೂ ವೆಂಟಿಲೇಟರ್ ಬಿಟ್ಟ ಕೊಠಡಿಯ ಪಿಲ್ಲರಿಗೂ ಇದೇ ಗತಿ. ಅವನ್ನೂ ನೋಡಿ.

ಬಿರುಕಿಗೆ ಎಪಾಕ್ಸಿ ಕೊಟ್ಟ ಮೇಲೆ ಗೋಡೆಯನ್ನು ಪಿಲ್ಲರಿನಿಂದ ಬಿಡಿಸಬೇಕು. ಎರಡೂ ಬದಿ ಒಂದು ಇಂಚು ಸಂದಿ ಕೊಯ್ದು ಥರ್ಮೋಕೋಲ್ ತುಂಬಿ ಮೇಲೆ ಸೀಲಂಟ್ ಎಳೆಯಿರಿ. ಬಿಡಿಸಿದ ಗೋಡೆ ಮಕ್ಕಳ ಮೇಲೆ ಬೀಳಬಾರದಲ್ಲ, ಅದಕ್ಕೆ ತಲೆಯ ಮೇಲೆ ಮೂರು ಇಂಚಿನ ಆರ್‌ಸಿಸಿ ಪಟ್ಟಿ, ನಡುವೆ ನೆಲದಿಂದೆದ್ದ ಒಂದೆರಡು ಸಣ್ಣ ಕಾಲು ಕೊಡಿ. ಸಂದಿಯನ್ನು ಮುಂದಿನ ಬಣ್ಣದ ಕೆಲಸದಲ್ಲಿ ಸಿಮೆಂಟ್ ಹಾಕಿ ಮುಚ್ಚಿಬಿಡುತ್ತಾರೆ, ಹೆಡ್ ಮಾಸ್ತರರ ರಿಜಿಸ್ಟರಿನಲ್ಲಿ ಬರೆದಿಡಿ. ಗೋಡೆ ಬಿಡಿಸಲಾಗದಿದ್ದರೆ ಪಿಲ್ಲರಿಗೆ ಬುಡದಿಂದ ತಲೆತನಕ 100 ಮಿ.ಮೀ.ಗೊಂದು ರಿಂಗಿನ ಜಾಕೆಟ್.

ಪ್ರಶ್ನೆ: ದುರಸ್ತಿಗೆ ಮೊದಲು ಕಾಂಕ್ರೀಟಿನ ಶಕ್ತಿ ತಿಳಿಯಲು ರೀಬೌಂಡ್ ಹ್ಯಾಮರ್ ಸಾಕೇ?
(ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿನಿ, ಯಾದಗಿರಿ)

ಉತ್ತರ: ಸಾಲದು. ಅದು ಮೈಗೆ ಬಡಿದು ಎಷ್ಟು ಪುಟಿಯುತ್ತದೆ ಎಂಬುದರಿಂದ ಮೇಲಿನ ಸುಮಾರು ಒಂದು ಇಂಚಿನ ಗಟ್ಟಿತನ ಹೇಳುತ್ತದೆ. ಹಳೆಯ ಕಾಂಕ್ರೀಟಿನ ಮೇಲ್ಮೈ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಗಟ್ಟಿಯಾಗಿ ಹೆಚ್ಚು ತೋರಿಸುತ್ತದೆ, ಶಕ್ತಿಯ ಅಂದಾಜಿನಲ್ಲಿ 25 ಪ್ರತಿಶತ ಹಿಂದುಮುಂದು ಇದ್ದೇ ಇದೆ. ಗಿಲಾವಿನ ಮೇಲೆ ಹೊಡೆದರಂತೂ ಅರ್ಥವೇ ಇಲ್ಲ. ಅಲ್ಟ್ರಾಸಾನಿಕ್ ಪರೀಕ್ಷೆಯೂ ಜೊತೆಗಿರಲಿ: ಕಾಂಕ್ರೀಟಿನೊಳಗೆ ಧ್ವನಿ ತರಂಗದ ವೇಗ ಹೆಚ್ಚಿದ್ದಷ್ಟೂ ಒಳ್ಳೆಯದು, ಸೆಕೆಂಡಿಗೆ 3 ಕಿ.ಮೀ.ಗೆ ಕೆಳಗಿದ್ದರೆ ಅನುಮಾನ. ಸಂಶಯದ ಕಡೆ ಮೂರು ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ದುಂಡು ತುಂಡು) ತೆಗೆಸಿ. ಸರಾಸರಿ ಬೇಕಾದ ಶಕ್ತಿಯ 85 ಪ್ರತಿಶತ, ಒಂದೊಂದೂ 75 ಪ್ರತಿಶತ ದಾಟಬೇಕು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಆದರೆ ಭೂಕಂಪದ ಮಟ್ಟಿಗೆ ಕಾಂಕ್ರೀಟಿನ ಶಕ್ತಿಗಿಂತ ರಿಂಗಿನ ಅಂತರ ಮುಖ್ಯ. ಒಳಗಿನ ರಾಡು-ರಿಂಗು ಎಲ್ಲಿವೆ ಎಂದು ಒಡೆಯದೆ ತೋರಿಸುವ ಕವರ್ ಮೀಟರ್ ಸಿಕ್ಕರೆ ಅದನ್ನು ಮೊದಲು ಹಿಡಿಯಿರಿ.

ಪ್ರಶ್ನೆ: ಛತ್ತಿನ ಮೇಲೆ ಏನು ಕಡಿಮೆ ಮಾಡಬಹುದು?
(ಓದುಗರು, ಸೇಡಂ)

ಉತ್ತರ: ಸಾವಿರ ಲೀಟರಿನ ಟ್ಯಾಂಕ್ ಒಂದು ಟನ್, ಅದು ಇಟ್ಟಂಗಿಯ ನಾಲ್ಕು ಗುಡ್ಡೆಯ ಮೇಲೆ ಬರೀ ಕೂತಿದ್ದರೆ ಮೊದಲು ಜಾರುವುದು ಅದೇ. ಪಿಲ್ಲರಿನ ತಲೆಯ ಮೇಲೆ ಉಕ್ಕಿನ ಕಟ್ಟು ಮಾಡಿ ಬೋಲ್ಟ್ ಹಾಕಿ. ಛತ್ತಿಗೆ ಹಾಸಿದ ಫರಸಿ ಮತ್ತು ಅದರಡಿಯ ಗಚ್ಚು ಚದರ ಮೀಟರಿಗೆ 200 ಕೆ.ಜಿ. ತೂಗಬಹುದು, ನೂರು ಚದರ ಮೀಟರಿನ ಛತ್ತಿಗೆ 20 ಟನ್. ಸೋರಿಕೆ ಕೆಲಸಕ್ಕೆ ಎತ್ತಿದಾಗ ಮತ್ತೆ ಅದನ್ನೇ ಹಾಸದೆ ಹಗುರ ಪದರ ಕೊಡಿ. ನಾಲ್ಕೂವರೆ ಇಂಚಿನ ಕುಂಬಿಗೆ ಎರಡು ಮೂರು ಮೀಟರಿಗೊಂದು ಆರ್‌ಸಿಸಿ ಕಾಲು ಇಲ್ಲದಿದ್ದರೆ ಅದನ್ನು ಒಂದು ಅಡಿಗೆ ಇಳಿಸಿ ಮೇಲೆ ಕಬ್ಬಿಣದ ಕಟಾಂಜನ ಹಾಕಿ.

ಪ್ರಶ್ನೆ: ಹಳೆಯ ಕಲ್ಲು-ಮಣ್ಣಿನ ಗೋಡೆಯ ಮೇಲೆ ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕಿಸಿದ್ದೇವೆ. ಸ್ಲ್ಯಾಬಿಗೆ ಏನೂ ಆಗಿಲ್ಲ, ಗೋಡೆ ಹೊಟ್ಟೆ ಬಿಟ್ಟಿದೆ. ಗೋಡೆ ಮೂಲೆಗೆ ಪಿಲ್ಲರ್ ಕೊಟ್ಟರೆ ಸಾಕೇ?
(ರೈತ ಕುಟುಂಬ, ಔರಾದ್ ತಾಲ್ಲೂಕು)

ಉತ್ತರ: ಸಾಲದು. ಎರಡು ಅಡಿ ದಪ್ಪದ ಆ ಗೋಡೆ ನಿಜಕ್ಕೆ ಎರಡು ಗೋಡೆ: ಒಳಗೊಂದು ಪದರ, ಹೊರಗೊಂದು ಪದರ, ನಡುವೆ ಮಣ್ಣು-ಚೂರುಗಲ್ಲು. ಅದುರಿದಾಗ ಪದರಗಳು ಬೇರಾಗಿ ಹೊಟ್ಟೆ ಬರುತ್ತದೆ, ಆಮೇಲೆ ಕುಸಿಯುತ್ತದೆ. ಕಿಲ್ಲಾರಿ ಕಡೆಯ ಮನೆಗಳು ಹೋದದ್ದು ಹೀಗೆಯೇ, ಮೇಲೆ ಮಣ್ಣಿನ ಮಾಳಿಗೆಯ ಭಾರ ಬೇರೆ. ಮೂಲೆಯ ಪಿಲ್ಲರ್ ಪದರಗಳನ್ನು ಹೊಲಿಯಲಾರದು.

ಹೊಟ್ಟೆ ಬಂದ ಭಾಗವನ್ನು ಸ್ಲ್ಯಾಬಿಗೆ ಆನಿಕೆ ಕೊಟ್ಟು ಮೀಟರ್ ಮೀಟರಿನಂತೆ ಬಿಚ್ಚಿ, ಸಿಮೆಂಟ್ ಗಾರೆಯಲ್ಲಿ ಮತ್ತೆ ಕಟ್ಟಿಸಿ. ಪ್ರತಿ ಎರಡು ಅಡಿ ಎತ್ತರಕ್ಕೆ, ನಾಲ್ಕು ಅಡಿ ಅಂತರಕ್ಕೆ ಇಡೀ ದಪ್ಪ ದಾಟುವ ಉದ್ದಗಲ್ಲು ಕೂರಬೇಕು. ಉಳಿದ ಗೋಡೆಗೆ ಸುಮಾರು ಮೀಟರಿಗೊಂದರಂತೆ ಕಲ್ಲು ಬಿಡಿಸಿ ಆರುಪಾರು ಮೂರು ಇಂಚಿನ ತೂತು ಮಾಡಿ, ಎರಡೂ ತುದಿ ಕೊಕ್ಕೆಯಾದ 8 ಮಿ.ಮೀ. ರಾಡ್ ಇಟ್ಟು ಕಾಂಕ್ರೀಟು ತುಂಬಿ. ಸಲಿಕೆ-ಹಾರೆಯಿಂದ ಜಗ್ಗಬೇಡಿ, ಸಣ್ಣ ಸಬ್ಬಲಿನಿಂದ ಮೆಲ್ಲಗೆ ಬಿಡಿಸಿ, ಒಂದೇ ಗೋಡೆಗೆ ಒಂದೇ ದಿನ ಎಲ್ಲ ತೂತು ಬೇಡ. ಆಮೇಲೆ ಬಾಗಿಲ ತಲೆಯ ಮಟ್ಟದಲ್ಲೂ ಸ್ಲ್ಯಾಬಿನ ಬುಡದಲ್ಲೂ ಒಳಗೆ ಹೊರಗೆ ಎರಡೂ ಕಡೆ, ಮೂಲೆ ಸುತ್ತಿ, ವೆಲ್ಡ್ ಮೆಶ್ ಪಟ್ಟಿ ಹೊಡೆದು 1:3 ಗಾರೆಯಲ್ಲಿ ಒಂದೂವರೆ ಇಂಚು ಗಿಲಾವು ಮಾಡಿಸಿ. ಮೆಶ್ ಮೂಲೆಯಲ್ಲಿ ತುಂಡಾಗಬಾರದು. ತುಂಡಾದರೆ ಒಂದು ಅಡಿ ಒಂದರ ಮೇಲೊಂದು ಬರಲಿ. ಸ್ಲ್ಯಾಬು ಗೋಡೆಯ ಮೇಲೆ ಬರೀ ಕೂತಿರುವುದರಿಂದ, ಮೇಲಿನ ಮೆಶ್ ಪಟ್ಟಿಗೆ ಸ್ಲ್ಯಾಬಿನ ಅಂಚಿನಿಂದ ಮೀಟರಿಗೊಂದು 10 ಮಿ.ಮೀ. ರಾಡ್ ಎಪಾಕ್ಸಿಯಲ್ಲಿ ಕೂರಿಸಿ ಕೆಳಗೆ ಮಡಚಿ ಕಟ್ಟಿಸಿ.